ರಾತ್ರಿಯಿಡೀ ತೊಟ್ಟಿಕ್ಕುವ ನಲ್ಲಿ, ಮಾವನವರ ಜೋರು ಟಿವಿ: ಕಿರಿಕಿರಿ ಮಾಡುವ ಸದ್ದುಗಳ ಬಗ್ಗೆ ಶ್ರವಣತಜ್ಞೆಯನ್ನು ಕೇಳಿ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಶ್ರವಣತಜ್ಞೆಯಾಗಿ ಕೆಲಸ ಮಾಡುತ್ತಾ ಇಪ್ಪತ್ತೆರಡು ವರ್ಷವಾಯಿತು. ಹುಟ್ಟಿದ ಊರು ಮಂಡ್ಯ ತಾಲ್ಲೂಕು. ಕಿವಿ ಪರೀಕ್ಷೆಗೆ ಹಿರಿಯರನ್ನು ಕರೆದುಕೊಂಡು ಬರುವ ಮನೆಯವರು, ಎಲ್ಲ ಮುಗಿದು ಹೊರಡುವಾಗ ಬಾಗಿಲಲ್ಲಿ ನಿಂತು, "ಮೇಡಂ, ನನ್ನದೊಂದು ಚಿಕ್ಕ ವಿಷಯ, ಕೇಳಲೋ ಬೇಡವೋ" ಎನ್ನುತ್ತಾರೆ. ಆ ಚಿಕ್ಕ ವಿಷಯ ಪಕ್ಕದ ಮನೆಯ ಮಿಕ್ಸಿಯಾಗಿರುತ್ತದೆ, ಗಂಡ ಕಾಫಿ ಹೀರುವ ಸದ್ದಾಗಿರುತ್ತದೆ, ಮೇಲಿನ ಮನೆಯವರು ಎಳೆಯುವ ಕುರ್ಚಿಯಾಗಿರುತ್ತದೆ. ಹೇಳುವಾಗ ಅವರ ಕಣ್ಣಿನಲ್ಲಿ ನೀರು ಬಂದದ್ದನ್ನೂ ನೋಡಿದ್ದೇನೆ. ಈ ಬಾರಿ ಅವನ್ನೇ ಕೇಳಿ. ಯಾರ ಹೆಸರನ್ನೂ ಮನೆಯ ವಿಳಾಸವನ್ನೂ ಬರೆಯಬೇಡಿ.

ಒಂದು ಎಚ್ಚರಿಕೆ. ಕಿವಿ ಸೋರುತ್ತಿದ್ದರೆ, ತಲೆಸುತ್ತು ಇದ್ದರೆ, ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೆ ಹೋಗಿದ್ದರೆ ಇಲ್ಲಿ ಬರೆದು ಕಾಯಬೇಡಿ. ಅಂದೇ ಇಎನ್‌ಟಿ ವೈದ್ಯರ ಬಳಿ ಹೋಗಿ.

ಪ್ರಶ್ನೆ, ಕುವೆಂಪುನಗರದಿಂದ:

ಮೇಡಂ, ನಮ್ಮ ಬಚ್ಚಲುಮನೆಯ ನಲ್ಲಿ ಸೋರುತ್ತದೆ. ಹಗಲು ಅದರ ಅರಿವೇ ಇರುವುದಿಲ್ಲ. ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಬಕೆಟ್ಟಿನಲ್ಲಿ ಟಪ್ ಎನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಬಾಗಿಲು ಹಾಕಿದರೂ ಕೇಳಿಸುತ್ತದೆ. ಪಕ್ಕದಲ್ಲೇ ಯಜಮಾನರು ಗೊರಕೆ ಹೊಡೆಯುತ್ತಿರುತ್ತಾರೆ, ಅದರಿಂದ ನನಗೇನೂ ತೊಂದರೆಯಿಲ್ಲ. ಗೊರಕೆಯ ಮುಂದೆ ಹನಿಯ ಸದ್ದು ಏನೇನೂ ಅಲ್ಲ, ಆದರೂ ನಿದ್ದೆ ಕೆಡಿಸುವುದು ಹನಿಯೇ. ನನ್ನ ಕಿವಿಯಲ್ಲಿ ಏನಾದರೂ ದೋಷವಿದೆಯೇ? ಪ್ಲಂಬರ್ ನಾಳೆ ಬರುತ್ತೇನೆ ಎಂದು ಹೇಳಿ ಹದಿನೈದು ದಿನವಾಯಿತು.

ಉತ್ತರ:

ಅಮ್ಮ, ನಿಮ್ಮ ಕಿವಿ ಚೆನ್ನಾಗಿದೆ. ಒಂದೇ ಸಮನೆ ಬರುವ ಸದ್ದನ್ನು ಮಿದುಳು ಸ್ವಲ್ಪ ಹೊತ್ತಿನಲ್ಲೇ ಲೆಕ್ಕದಿಂದ ತೆಗೆದುಹಾಕುತ್ತದೆ. ಫ್ಯಾನು ಇಷ್ಟು ಸದ್ದು ಮಾಡುತ್ತಿತ್ತು ಎಂದು ನಮಗೆ ಗೊತ್ತಾಗುವುದು ಕರೆಂಟು ಹೋದಾಗ. ಯಜಮಾನರ ಗೊರಕೆಯೂ ನಿಮ್ಮ ಮಿದುಳಿಗೆ ವರ್ಷಗಳಿಂದ ಪಳಗಿದ ಸದ್ದು. (ಗೊರಕೆಯ ನಡುವೆ ಅವರ ಉಸಿರು ನಿಂತು ನಿಂತು ಬರುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.) ಹನಿಯದು ಬೇರೆ ಕಥೆ. ಒಂದು ಬಿದ್ದ ಮೇಲೆ ಇನ್ನೊಂದು ಬೀಳುವವರೆಗೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನೀವು ಉಸಿರು ಬಿಗಿಹಿಡಿದು ಮುಂದಿನ ಹನಿಗೆ ಕಾಯುತ್ತೀರಿ. ನಿದ್ದೆ ಹೋಗುವುದು ಆ ಕಾಯುವಿಕೆಯಲ್ಲಿ.

ಇನ್ನು ಆ ಟಪ್ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಇವತ್ತೇ ನಿಲ್ಲಿಸಬಹುದು. ನೀರಿಗೆ ನೀರು ಬಡಿದ ಸದ್ದು ಅದು ಎಂದು ನಾವು ಭಾವಿಸುತ್ತೇವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಅತಿ ವೇಗದ ಕ್ಯಾಮೆರಾ ಇಟ್ಟು ನೋಡಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ಬಡಿತದ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಹನಿ ಬಿದ್ದ ಜಾಗದಲ್ಲಿ ನೀರು ಬಟ್ಟಲಿನಂತೆ ಕುಳಿ ಬೀಳುತ್ತದೆ, ಆ ಕುಳಿ ಮುಚ್ಚಿಕೊಳ್ಳುವಾಗ ತಳದಲ್ಲಿ ಒಂದು ಪುಟ್ಟ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆ ಗುಳ್ಳೆ ಅದುರಿದಾಗ ಬರುವುದೇ ನಿಮಗೆ ಕೇಳಿಸುವ ಟಪ್. ಅವರೇ ಕಂಡುಕೊಂಡ ಉಪಾಯವೂ ಇದೆ: ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ಎರಡು ತೊಟ್ಟು ಬಕೆಟ್ಟಿನ ನೀರಿಗೆ ಹಾಕಿದರೆ ನೀರಿನ ಮೇಲ್ಮೈಯ ಬಿಗಿತ ಸಡಿಲವಾಗಿ ಸದ್ದು ನಿಂತುಹೋಗುತ್ತದೆ. ಹನಿ ಬೀಳುತ್ತಲೇ ಇರುತ್ತದೆ, ನಿಮಗೆ ಕೇಳಿಸುವುದಿಲ್ಲ.

ಆದರೆ ನೀರು ಪೋಲಾಗುವುದು ನಿಲ್ಲಬೇಕಲ್ಲ. ತಿರುಪಿ ತಿರುಪಿ ನಿಲ್ಲಿಸುವ ಹಳೆಯ ನಲ್ಲಿಯಾಗಿದ್ದರೆ ಸವೆದಿರುವುದು ಬಹುತೇಕ ಒಳಗಿನ ರಬ್ಬರ್ ವಾಷರ್. ಮೇಲಿನ ವಾಲ್ವ್ ಬಂದ್ ಮಾಡಿ, ಸ್ಪ್ಯಾನರಿನಿಂದ ನಲ್ಲಿಯ ತಲೆ ಬಿಚ್ಚಿ, ಹಳೆಯ ವಾಷರನ್ನು ಹಾರ್ಡ್‌ವೇರ್ ಅಂಗಡಿಗೆ ತೆಗೆದುಕೊಂಡು ಹೋಗಿ ಅದೇ ಅಳತೆಯದನ್ನು ತನ್ನಿ. ಕಾಲು ಸುತ್ತಿಗೆ ನಿಲ್ಲುವ ಹೊಸ ಬಗೆಯ ನಲ್ಲಿಯಾದರೆ ಒಳಗಿನ ಬಿಡಿಭಾಗವನ್ನೇ ಪೂರ್ತಿ ಬದಲಿಸಬೇಕು.

ಸದಸ್ಯೆಯೊಬ್ಬರ ಮಾತು:

ನಂಜನಗೂಡಿನಲ್ಲಿ ನಮ್ಮ ಅಜ್ಜಿ ಸೋರುವ ನಲ್ಲಿಯ ಮೂತಿಗೆ ಹತ್ತಿಯ ದಾರ ಕಟ್ಟಿ ಅದರ ತುದಿಯನ್ನು ಬಕೆಟ್ಟಿನೊಳಗೆ ಇಳಿಬಿಡುತ್ತಿದ್ದರು.

ಉತ್ತರ:

ಅಜ್ಜಿಯ ಉಪಾಯ ನೂರಕ್ಕೆ ನೂರು ಸರಿ. ನೀರು ದಾರವನ್ನು ಹಿಡಿದು ಜಾರಿಕೊಂಡು ಇಳಿಯುತ್ತದೆ. ಹನಿ ಬೀಳುವುದೇ ಇಲ್ಲ, ಗುಳ್ಳೆಯೂ ಹುಟ್ಟುವುದಿಲ್ಲ. ಕುವೆಂಪುನಗರದ ಅಮ್ಮ, ಇವತ್ತು ರಾತ್ರಿ ಇದನ್ನೇ ಮಾಡಿ. ಸೋಪೂ ಖರ್ಚಾಗುವುದಿಲ್ಲ, ಆ ನೀರನ್ನು ಬೆಳಿಗ್ಗೆ ಗಿಡಕ್ಕೂ ಹಾಕಬಹುದು.

ಪ್ರಶ್ನೆ, ಸರಸ್ವತಿಪುರಂನಿಂದ:

ನಮ್ಮ ಮಾವನವರಿಗೆ ಎಪ್ಪತ್ತಾರು ವರ್ಷ. ಸಂಜೆ ಏಳಕ್ಕೆ ವಾರ್ತೆ, ಆಮೇಲೆ ಧಾರಾವಾಹಿ. ಟಿವಿಯ ಸದ್ದು 48ರಲ್ಲಿ ಇರುತ್ತದೆ. ಮಗಳು ಎಸ್‌ಎಸ್‌ಎಲ್‌ಸಿ, ಒಳಕೋಣೆಯಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಓದುತ್ತಾಳೆ. ನಾನು 30ಕ್ಕೆ ಇಳಿಸಿದರೆ ಅವರು ಏನೂ ಹೇಳದೆ ಮತ್ತೆ ಏರಿಸುತ್ತಾರೆ. ನಾನು ಊಟಕ್ಕೆ ಕರೆದರೆ ಕೇಳಿಸುವುದಿಲ್ಲ, ಎದುರುಮನೆಯವರು ಗೇಟಿನಿಂದ ಕೂಗಿದರೆ ಕೇಳಿಸುತ್ತದೆ. ಬೇಕೆಂದೇ ಮಾಡುತ್ತಾರೆ ಎನ್ನಿಸುತ್ತದೆ. "ಜೋರಾಗಿ ಹೇಳಮ್ಮ" ಎನ್ನುತ್ತಾರೆ, ಜೋರಾಗಿ ಹೇಳಿದರೆ "ಕಿರುಚಬೇಡ" ಎನ್ನುತ್ತಾರೆ. ನಿನ್ನೆ ತಾಳ್ಮೆ ಕೆಟ್ಟು ಕೈಯಿಂದ ರಿಮೋಟ್ ಕಿತ್ತುಕೊಂಡೆ. ಅವರು ಮಾತಿಲ್ಲದೆ ಎದ್ದು ಹೋಗಿ ಹೊರಗೆ ಜಗಲಿಯ ಮೇಲೆ ಕುಳಿತರು. ರಾತ್ರಿಯೆಲ್ಲ ನನಗೆ ಸಂಕಟವಾಯಿತು. ಸಣ್ಣ ವಿಷಯಕ್ಕೆ ಮನೆ ಹೀಗಾಗುತ್ತದೆಯೇ?

ಉತ್ತರ:

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನನ್ನ ಕೋಣೆಗೆ ಬರುವ ಅರ್ಧಕ್ಕರ್ಧ ಮನೆಗಳ ಕಥೆ ಟಿವಿಯ ರಿಮೋಟಿನಿಂದಲೇ ಆರಂಭವಾಗುತ್ತದೆ. ನೀವು ಬರೆದ ಪ್ರತಿಯೊಂದು ಸಾಲೂ ನನಗೆ ಒಂದೇ ವಿಷಯವನ್ನು ಹೇಳುತ್ತಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವಯಸ್ಸಾದಂತೆ ಕಿವಿ ಎಲ್ಲ ಸದ್ದುಗಳನ್ನೂ ಸಮನಾಗಿ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದುಗಳು, ದಪ್ಪ ಸದ್ದುಗಳು ಬಹಳ ಕಾಲ ಉಳಿಯುತ್ತವೆ. ನಮ್ಮ ಮಾತಿನಲ್ಲಿ ಅ, ಆ, ಉ, ಓ ಇವುಗಳ ಬಲವೆಲ್ಲ ದಪ್ಪ ಸದ್ದಿನಲ್ಲಿದೆ. ಸ, ಶ, ತ, ಕ ಇವುಗಳ ಗುರುತು ಇರುವುದು ಕೀರಲು ಸದ್ದಿನಲ್ಲಿ. ಹೀಗಾಗಿ ಮಾವನವರಿಗೆ ನೀವು ಮಾತನಾಡಿದ್ದು ಕೇಳಿಸುತ್ತದೆ, ಆದರೆ ಹಾಲು ಎಂದಿರೋ ಸಾಲು ಎಂದಿರೋ ಕಾಲು ಎಂದಿರೋ ತಿಳಿಯುವುದಿಲ್ಲ. ಮೂರರಲ್ಲೂ "ಆಲು" ಮಾತ್ರ ಅವರಿಗೆ ತಲುಪುತ್ತದೆ. ಎದುರುಮನೆಯವರ ದಪ್ಪ ದನಿ, ಅದೂ ಮುಖ ಕಾಣುವಂತೆ ಗೇಟಿನಲ್ಲಿ ನಿಂತು ಕೂಗಿದ್ದು ತಿಳಿಯುತ್ತದೆ. ನೀವು ಅಡುಗೆಮನೆಯಿಂದ, ಎಕ್ಸಾಸ್ಟ್ ಫ್ಯಾನು ಹಾಕಿಕೊಂಡು, ಬೆನ್ನು ತಿರುಗಿಸಿ ಕರೆದದ್ದು ತಿಳಿಯುವುದಿಲ್ಲ. ಬೇಕೆಂದು ಮಾಡುತ್ತಾರೆ ಎಂದು ಮನೆಯವರಿಗೆಲ್ಲ ಅನ್ನಿಸುವುದು ಇದೇ ಕಾರಣಕ್ಕೆ. ಈ ಅನುಮಾನದಿಂದ ಎಷ್ಟು ಹಿರಿಯರು ಮನೆಯೊಳಗೇ ಒಂಟಿಯಾಗಿದ್ದಾರೆ ಎಂಬುದನ್ನು ದಿನವೂ ನೋಡುತ್ತೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

"ಜೋರಾಗಿ ಹೇಳು, ಕಿರುಚಬೇಡ" ಎಂಬುದೂ ಹಟವಲ್ಲ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಸವೆದಾಗ ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡ ಸದ್ದು ಮಾತ್ರ ಎಂದಿನಷ್ಟೇ ದೊಡ್ಡದಾಗಿ ಬಡಿಯುತ್ತದೆ. ಕೇಳಿಸದಿರುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಜಾಗ ಕಿರಿದಾಗಿಬಿಡುತ್ತದೆ. ನೀವು ದನಿ ಏರಿಸಿದಾಗ ಆ ಕಿರಿದಾದ ಜಾಗವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತೀರಿ. ಟಿವಿಯಲ್ಲೂ ಅದೇ. ಅವರು 48ಕ್ಕೆ ಏರಿಸುವುದು ಸದ್ದು ಸಾಲದೆಂದಲ್ಲ, ಅಕ್ಷರ ಬಿಡಿಬಿಡಿಯಾಗಿ ಕೇಳಲಿ ಎಂದು. ಎಷ್ಟು ಏರಿಸಿದರೂ ಅಕ್ಷರ ಬಿಡಿಯಾಗುವುದಿಲ್ಲ.

ಇವತ್ತಿನಿಂದ ಮಾಡಬಹುದಾದದ್ದನ್ನು ಹೇಳುತ್ತೇನೆ. ಅವರ ಕುರ್ಚಿಯನ್ನು ಟಿವಿಗೆ ಹತ್ತಿರ ತನ್ನಿ. ದೂರ ಅರ್ಧವಾದರೆ ಟಿವಿಯಿಂದ ನೇರವಾಗಿ ಬರುವ ಸದ್ದು ಸುಮಾರು ಆರು ಡೆಸಿಬೆಲ್ ಹೆಚ್ಚುತ್ತದೆ, ರಿಮೋಟ್ ಮುಟ್ಟದೆಯೇ. ನೆಲಕ್ಕೆಲ್ಲ ಟೈಲ್ಸ್, ಗೋಡೆ ಬರಿದು, ಕಿಟಕಿಗೆ ಪರದೆಯಿಲ್ಲ ಎಂದಾದರೆ ಕೋಣೆಯೇ ಮಾತನ್ನು ಕಲಸಿಬಿಡುತ್ತದೆ. ದಪ್ಪ ಪರದೆ, ನೆಲಕ್ಕೊಂದು ಜಮಖಾನ ಹಾಕಿ. ತಂತಿಯಿಲ್ಲದ ಹೆಡ್‌ಫೋನ್ ಒಂದನ್ನು ಟಿವಿಗೆ ಜೋಡಿಸಿದರೆ ಅವರ ಸದ್ದು ಅವರಿಗೆ, ಮಗಳ ಓದು ಮಗಳಿಗೆ. ಮಾತನಾಡುವಾಗ ಎದುರಿಗೆ ಹೋಗಿ, ಹೆಗಲು ಮುಟ್ಟಿ, ನಿಮ್ಮ ಎಂದಿನ ದನಿಯಲ್ಲೇ ಸ್ವಲ್ಪ ನಿಧಾನವಾಗಿ ಹೇಳಿ.

ಆಮೇಲೆ ಪರೀಕ್ಷೆ. ಮೊದಲು ವೈದ್ಯರು ಕಿವಿಯೊಳಗೆ ನೋಡಲಿ. ಬರಿಯ ಗುಗ್ಗೆ ಕಟ್ಟಿಕೊಂಡಿದ್ದು, ತೆಗೆದ ಕೂಡಲೇ ಸರಿಹೋದವರೂ ಇದ್ದಾರೆ. ಮನೆಯಲ್ಲಿ ಬಿಸಿ ಎಣ್ಣೆ, ಬೆಂಕಿಕಡ್ಡಿ, ಪಿನ್ನು ಯಾವುದೂ ಬೇಡ. ಅದಲ್ಲವೆಂದಾದರೆ ಶ್ರವಣ ಪರೀಕ್ಷೆ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಪೀಂ ಎಂಬ ಸದ್ದು ಕೇಳಿಸಿದಾಗಲೆಲ್ಲ ಬೆರಳು ಎತ್ತಬೇಕು, ಅಷ್ಟೇ. ನೋವಿಲ್ಲ, ಸೂಜಿಯಿಲ್ಲ. ನಿಮ್ಮ ಮನೆಗೆ ಮಾನಸಗಂಗೋತ್ರಿ ಕೂಗಳತೆಯ ದೂರ, ಅಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೊರರಾಜ್ಯಗಳಿಂದಲೂ ಜನ ಬರುತ್ತಾರೆ. ಶ್ರವಣ ಸಾಧನ ಬೇಕಾದರೆ, ಅಂಗವೈಕಲ್ಯ ಪ್ರಮಾಣಪತ್ರವಿದ್ದು ಆದಾಯ ಮಿತಿಯೊಳಗೆ ಇರುವವರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ನೆರವಿದೆ.

ಅದೇ ಸದಸ್ಯೆ:

ನಿಮ್ಮ ಉತ್ತರ ಓದಿ ಅತ್ತುಬಿಟ್ಟೆ ಮೇಡಂ. ಇಷ್ಟು ದಿನ ಸುಮ್ಮನೆ ಅವರ ಮೇಲೆ ಸಿಡುಕಿದೆ. ಆದರೆ ಪರೀಕ್ಷೆ ಎಂದರೆ "ನನಗೇನಾಗಿದೆ, ನೀವೆಲ್ಲ ಬಾಯಲ್ಲೇ ಗೊಣಗುತ್ತೀರಿ" ಎನ್ನುತ್ತಾರೆ. ಹೇಗೆ ಒಪ್ಪಿಸಲಿ?

ಉತ್ತರ:

"ನಿಮಗೆ ಕೇಳಿಸುವುದಿಲ್ಲ, ಬನ್ನಿ" ಎಂದು ಕರೆಯಬೇಡಿ. ಕಣ್ಣು, ಸಕ್ಕರೆ, ರಕ್ತದೊತ್ತಡ ನೋಡಿಸುವ ಹಾಗೆ ವರ್ಷಕ್ಕೊಮ್ಮೆ ಕಿವಿಯನ್ನೂ ನೋಡಿಸೋಣ ಎನ್ನಿ. ನೀವೂ ಜೊತೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಮೊಮ್ಮಗಳು ಕರೆದರೆ ಇನ್ನೂ ಒಳ್ಳೆಯದು. "ತಾತ, ನಿಮ್ಮ ಜೊತೆ ಮಾತನಾಡಬೇಕು, ನನ್ನ ಮಾತು ನಿಮಗೆ ತಲುಪುತ್ತಿಲ್ಲ" ಎಂದು ಅವಳು ಹೇಳಲಿ. ಮೊದಲ ಕೆಲಸವಾಗಿ ಆ ರಿಮೋಟನ್ನು ಇವತ್ತೇ ಅವರ ಕೈಗೆ ಹಿಂದಿರುಗಿಸಿ.

ಪ್ರಶ್ನೆ, ಯಾದವಗಿರಿಯಿಂದ, ನಿವೃತ್ತ ಶಿಕ್ಷಕರು:

ಕ್ಷಮಿಸಿ, ಒಂದು ಮಾತು ಹೇಳಲೇಬೇಕು. ತಜ್ಞರ ಸಮಯವನ್ನು ನಲ್ಲಿ, ಟಿವಿ, ಕುರ್ಚಿಗಳಿಗೆ ಖರ್ಚು ಮಾಡುವುದು ಸರಿಯೇ? ಜಗತ್ತಿನಲ್ಲಿ ನಿಜವಾದ ಕಷ್ಟಗಳಿವೆ. ನಮ್ಮ ಕಾಲದಲ್ಲಿ "ಕಿವಿಗೆ ಹಾಕಿಕೊಳ್ಳಬೇಡ" ಎಂದು ಹಿರಿಯರು ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಉತ್ತರ:

ಮೇಷ್ಟ್ರೇ, ನೀವು ಬಿಚ್ಚುಮನಸ್ಸಿನಿಂದ ಕೇಳಿದ್ದಕ್ಕೆ ಸಂತೋಷ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಹಾಕಿಕೊಳ್ಳಬಾರದು ಎಂದುಕೊಂಡರೂ ಸದ್ದು ಒಳಗೆ ಬಂದಿರುತ್ತದೆ. ನಿದ್ದೆಯಲ್ಲೂ ಕಿವಿ ಬಾಗಿಲು ಹಾಕುವುದಿಲ್ಲ.

ಇದರ ಬಗ್ಗೆ ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗಗಳು 1972ರಲ್ಲಿ ಪುಸ್ತಕವಾಗಿ ಬಂದಿವೆ. ಕೆಲಸ ಮಾಡುತ್ತಿರುವವರಿಗೆ ಹೊತ್ತುಗೊತ್ತಿಲ್ಲದೆ ಜೋರು ಸದ್ದು ಕೇಳಿಸಿದರು. ಕೆಲವರ ಕೈಗೆ ಒಂದು ಗುಂಡಿ ಕೊಟ್ಟು, ತೀರಾ ಬೇಕೆಂದರೆ ಇದನ್ನು ಒತ್ತಿ ಸದ್ದು ನಿಲ್ಲಿಸಬಹುದು, ಆದರೆ ಒತ್ತದಿದ್ದರೆ ನಮಗೆ ಅನುಕೂಲ ಎಂದರು. ಅವರು ಒತ್ತಲಿಲ್ಲ. ಅಂದರೆ ಎಲ್ಲರೂ ಕೇಳಿದ್ದು ಅಷ್ಟೇ ಸದ್ದು. ಸದ್ದು ನಿಂತ ಮೇಲೆ ಕೊಟ್ಟ ಕಷ್ಟದ ಒಗಟುಗಳಲ್ಲಿ, ಗುಂಡಿ ಇದ್ದವರು ಪಟ್ಟು ಬಿಡದೆ ಹೆಚ್ಚು ಹೊತ್ತು ಪ್ರಯತ್ನಿಸಿದರು, ಇಲ್ಲದವರು ಬೇಗ ಕೈಚೆಲ್ಲಿದರು. ಮನುಷ್ಯನನ್ನು ಸೋಲಿಸುವುದು ಸದ್ದಿನ ಗಾತ್ರಕ್ಕಿಂತ ಹೆಚ್ಚಾಗಿ, ಇದನ್ನು ನಿಲ್ಲಿಸಲು ನನ್ನ ಕೈಯಲ್ಲಿ ಏನೂ ಇಲ್ಲ ಎಂಬ ಭಾವ.

ನಾನಿಲ್ಲಿ ದಾರ ಕಟ್ಟಿ, ಕುರ್ಚಿ ಹತ್ತಿರ ತನ್ನಿ ಎಂದು ಹೇಳುತ್ತಿರುವುದು ಆ ಗುಂಡಿಯನ್ನು ಅವರವರ ಕೈಗೆ ಕೊಡಲು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಳ್ಳುವವರೆಗೆ ಕಾಯಬಾರದು ಎಂದು ನೀವೇ ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ.

ಪ್ರಶ್ನೆ, ಮಂಡ್ಯದಿಂದ, ಪಿಯುಸಿ ವಿದ್ಯಾರ್ಥಿನಿ:

ಮೇಡಂ, ಹೇಳಲು ನಾಚಿಕೆಯಾಗುತ್ತದೆ. ಅಪ್ಪ ಗದ್ದೆಯಿಂದ ಬಂದು ಊಟಕ್ಕೆ ಕುಳಿತಾಗ ಸಾರನ್ನು ಸೊರ್ ಎಂದು ಹೀರುವ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ತಟ್ಟೆ ಎಸೆಯುವಷ್ಟು ಕೋಪ ಬರುತ್ತದೆ. ಮುದ್ದೆ ನುಂಗುವಾಗ ಸದ್ದೇ ಇರುವುದಿಲ್ಲ, ಆದರೆ ಮುಂದಿನ ಸಾರಿನ ಸದ್ದಿಗೆ ಹೆದರಿಕೊಂಡು ಕೂತಿರುತ್ತೇನೆ. ಈಗ ಒಂದು ವರ್ಷದಿಂದ ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗುತ್ತೇನೆ. ಹಾಸ್ಟೆಲಿನ ಗೆಳತಿಯರು ಹಾಗೆ ತಿಂದರೆ ಇಷ್ಟೊಂದು ಆಗುವುದಿಲ್ಲ. ನನಗಾಗಿ ದುಡಿಯುವ ಅಪ್ಪನ ಮೇಲೇ ಏಕೆ ಹೀಗೆ? ನಾನು ಕೆಟ್ಟವಳೇ?

ಉತ್ತರ:

ಮಗು, ನೀನು ಕೆಟ್ಟವಳಲ್ಲ. ನಿನ್ನಂಥದೇ ಪತ್ರ ಬರೆದವರು, ಬಂದು ಕುಳಿತು ಹೇಳಿದವರು ಬಹಳ ಮಂದಿ. ಇದಕ್ಕೆ ಮಿಸೊಫೋನಿಯಾ ಎಂಬ ಹೆಸರಿದೆ. ಮಾರ್ಗರೆಟ್ ಮತ್ತು ಪಾವೆಲ್ ಯಾಸ್ಟ್ರೆಬೋಫ್ ಎಂಬ ಸಂಶೋಧಕ ದಂಪತಿ 2001ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಅಗಿಯುವುದು, ಹೀರುವುದು, ಮೂಗು ಸೇದುವುದು, ಪೆನ್ನಿನ ತುದಿ ಟಿಕ್ ಟಿಕ್ ಎನ್ನಿಸುವುದು ಇಂಥ ಕೆಲವೇ ಸದ್ದುಗಳಿಗೆ ಮೈಮನಸ್ಸು ಅಪಾಯ ಬಂದಂತೆ ಎದ್ದು ನಿಲ್ಲುತ್ತದೆ. ಸದ್ದು ಎಷ್ಟು ಜೋರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಬಹಳ ಜನರಲ್ಲಿ ಇದು ಆರಂಭವಾಗುವುದು ಹತ್ತು ಹದಿನೈದರ ಆಸುಪಾಸಿನ ವಯಸ್ಸಿನಲ್ಲಿ, ಅದೂ ಮನೆಯವರ ಸದ್ದಿನಿಂದಲೇ. ಅಪ್ಪನ ಮೇಲಿನ ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ. 2017ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ, ಯಾವುದಕ್ಕೆ ಗಮನ ಕೊಡಬೇಕು ಎಂದು ತೀರ್ಮಾನಿಸುವಲ್ಲಿ ಪಾಲುಗೊಳ್ಳುವ ಮಿದುಳಿನ ಇನ್ಸುಲಾ ಎಂಬ ಭಾಗ ಇಂಥವರಲ್ಲಿ ಆ ಸದ್ದಿಗೆ ಅತಿಯಾಗಿ ಕೆರಳುವುದು ಕಂಡುಬಂತು.

ಊಟದ ಹೊತ್ತಿನಲ್ಲಿ ರೇಡಿಯೊ ಹಾಕಿ, ಫ್ಯಾನು ಹಾಕಿ. ಹಿನ್ನೆಲೆಯಲ್ಲಿ ಸದ್ದಿದ್ದರೆ ಆ ಒಂದು ಸದ್ದು ಎದ್ದು ಕಾಣುವುದಿಲ್ಲ. ಅಪ್ಪನ ಎದುರು ಕೂರುವ ಬದಲು ಅವರ ಪಕ್ಕದಲ್ಲಿ, ಒಂದಷ್ಟು ದೂರದಲ್ಲಿ ಕುಳಿತುಕೋ. ಹೀರುವುದು ಕಣ್ಣಿಗೆ ಬಿದ್ದರೂ ಕೆರಳುವವರಿದ್ದಾರೆ. ದಿನವಿಡೀ ಕಿವಿಗೆ ಹತ್ತಿ, ಇಯರ್‌ಪ್ಲಗ್ ಇಟ್ಟುಕೊಳ್ಳಬೇಡ. ನಿಶ್ಶಬ್ದಕ್ಕೆ ಒಗ್ಗಿದ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಪೂರ್ತಿ ಬೇರೆ ಊಟ ಮಾಡುವುದನ್ನು ರೂಢಿ ಮಾಡಿಕೊಳ್ಳದೆ, ವಾರದಲ್ಲಿ ಎರಡು ಮೂರು ದಿನ ಐದೇ ನಿಮಿಷ ಜೊತೆಯಲ್ಲಿ ಕುಳಿತು ನೋಡು.

ಅಪ್ಪನಿಗೆ ಹೇಳು. ಊಟದ ಮಧ್ಯೆ ಬೇಡ, ಸಂಜೆ ಇಬ್ಬರೂ ನೆಮ್ಮದಿಯಾಗಿರುವಾಗ ಹೇಳು. "ಅಪ್ಪ, ನನ್ನ ಕಿವಿಗೆ ಒಂದು ತೊಂದರೆಯಿದೆ, ಕೆಲವು ಸದ್ದು ಸಹಿಸಲು ಆಗುವುದಿಲ್ಲ, ನಿಮ್ಮ ತಪ್ಪಲ್ಲ" ಎಂದರೆ ಸಾಕು. ಕೋಣೆಗೆ ಹೋಗುವ ಮಗಳನ್ನು ನೋಡಿ ಒಂದು ವರ್ಷದಿಂದ ಅವರು ಏನೆಂದುಕೊಂಡಿರಬಹುದು ಎಂದು ಯೋಚಿಸಿದರೆ ನನಗೆ ಹೊಟ್ಟೆ ಚುರುಕ್ಕೆನ್ನುತ್ತದೆ. ಓದು, ನಿದ್ದೆ, ಊಟ ಕೆಡುವ ಮಟ್ಟಕ್ಕೆ ಹೋಗಿದ್ದರೆ ಶ್ರವಣತಜ್ಞರನ್ನೂ ಆಪ್ತಸಮಾಲೋಚಕರನ್ನೂ ಕಾಣು. ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಚಿಕಿತ್ಸೆಯಿಂದ ಹಲವರಿಗೆ ಅನುಕೂಲವಾಗಿದೆ.

ಪ್ರಶ್ನೆ, ದಿನವೂ ಮೈಸೂರಿನಿಂದ ಬೆಂಗಳೂರಿಗೆ ಓಡಾಡುವವರು:

ಬೆಳಗಿನ ರೈಲಿನಲ್ಲಿ ಇಬ್ಬರು ಎದುರುಬದುರು ಕುಳಿತು ಮಂಡ್ಯ, ಮದ್ದೂರು ದಾಟುವವರೆಗೆ ಹರಟಿದರೂ ನಾನು ಓದಬಲ್ಲೆ. ಒಬ್ಬರೇ ಫೋನಿನಲ್ಲಿ ಮಾತನಾಡಿದರೆ ಒಂದು ಪುಟವೂ ಮುಂದೆ ಹೋಗುವುದಿಲ್ಲ. ಏಕೆ?

ಉತ್ತರ:

ಇಬ್ಬರ ಮಾತಿನಲ್ಲಿ ಮುಂದೇನು ಬರುತ್ತದೆ ಎಂದು ಮಿದುಳಿಗೆ ಅಂದಾಜಿರುತ್ತದೆ. ಫೋನಿನಲ್ಲಿ ನಮಗೆ ಕೇಳಿಸುವುದು ಅರ್ಧ ಮಾತು. "ಹೌದಾ? ... ಅವನೇ? ... ಅಯ್ಯೋ, ಯಾವಾಗ?" ಎಂದಾಗ ಉಳಿದರ್ಧವನ್ನು ತುಂಬಲು ನಮ್ಮ ಮಿದುಳು ಕೇಳದೆಯೇ ಹೊರಟುಬಿಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾರೆನ್ ಎಂಬರ್‌ಸನ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಫೋನಿನಲ್ಲಿ ಮಾತನಾಡುವವರು ಕಿರುಚುವುದಕ್ಕೂ ಕಾರಣವಿದೆ. ಸುತ್ತ ಸದ್ದಿದ್ದರೆ ನಮ್ಮ ದನಿ ತಾನಾಗಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರು. ಹಾಡಿನ ಮಾತಿಲ್ಲದ ವಾದ್ಯ ಸಂಗೀತವನ್ನು ಸಣ್ಣಗೆ ಹಾಕಿಕೊಳ್ಳಿ. "ಸ್ವಲ್ಪ ಮೆಲ್ಲಗೆ ಮಾತನಾಡುತ್ತೀರಾ" ಎಂದು ನಗುಮುಖದಿಂದ ಕೇಳಿದರೆ ಹೆಚ್ಚಿನವರು ತಗ್ಗಿಸುತ್ತಾರೆ, ಅವರಿಗೆ ತಾವು ಕಿರುಚುತ್ತಿರುವುದು ತಿಳಿದೇ ಇರುವುದಿಲ್ಲ.

ಪ್ರಶ್ನೆ, ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಿಂದ:

ಕಬ್ಬು ನುರಿಸುವ ಹಂಗಾಮು ಬಂದರೆ ನಮಗೆ ನಿದ್ದೆಯಿಲ್ಲ. ರಾತ್ರಿ ಹನ್ನೊಂದು, ಹನ್ನೆರಡಕ್ಕೆ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಊರೊಳಗಿಂದ ಹೋಗುತ್ತವೆ. ಇಂಜಿನ್ ಸದ್ದು ನಮಗೆ ಹೊಸದಲ್ಲ. ಮೇಲೆ ಕಟ್ಟಿದ ಸ್ಪೀಕರಿನ ಹಾಡಿಗೆ ಕಿಟಕಿ ಗಾಜು ಅದುರುತ್ತದೆ, ಕೊಟ್ಟಿಗೆಯಲ್ಲಿ ದನ ಬೆದರುತ್ತವೆ. ಕೇಳಿದರೆ ಜಗಳಕ್ಕೆ ಬರುತ್ತಾರೆ.

ಉತ್ತರ:

ಇದು ನನ್ನ ಊರಿನದೇ ಸಮಸ್ಯೆ. ನನ್ನ ಸೋದರಮಾವ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದರು. ಈಗ ಅವರ ಎರಡೂ ಕಿವಿಯಲ್ಲಿ ಹಗಲು ರಾತ್ರಿ ಗುಂಯ್ ಎನ್ನುತ್ತದೆ, ಅದಕ್ಕೆ ನಾನು ಕಲಿತ ವಿದ್ಯೆಯಲ್ಲೂ ಪೂರ್ತಿ ಮದ್ದಿಲ್ಲ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಸೀಟಿನಲ್ಲಿ ಸದ್ದು 90 ಡೆಸಿಬೆಲ್ ಆಸುಪಾಸಿಗೆ ಹೋಗುತ್ತದೆ. ಅದನ್ನು ಮೀರಿಸಿ ಹಾಡು ಕೇಳಿಸಬೇಕಾದರೆ ಇನ್ನೂ ಮೇಲೆ ಹೋಗಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು, ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ ಎಂಬುದು ನಾವು ಪಾಲಿಸುವ ಲೆಕ್ಕ. 94ಕ್ಕೆ ಒಂದೇ ಗಂಟೆ. ಆ ಹುಡುಗರು ನಿದ್ದೆ ಬಾರದಿರಲಿ ಎಂದು ಹಾಡು ಹಾಕುತ್ತಾರೆ, ಜೊತೆಗೆ ತಮ್ಮ ಕಿವಿಯನ್ನೂ ಕಳೆದುಕೊಳ್ಳುತ್ತಿದ್ದಾರೆ.

ನಡುರಾತ್ರಿ ರಸ್ತೆಗಿಳಿದು ಜಗಳವಾಡಬೇಡಿ. ಹಗಲು, ಲೋಡು ತುಂಬುವ ಗದ್ದೆಯ ಬಳಿ, ಊರಿನ ನಾಲ್ಕು ಜನ ಹಿರಿಯರು ಹೋಗಿ ಟ್ರ್ಯಾಕ್ಟರ್ ಮಾಲೀಕರ ಜೊತೆ ಮಾತನಾಡಿ. ಊರಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಮಾತ್ರ ಹಾಡು ನಿಲ್ಲಿಸಿ ಎಂದು ಕೇಳಿ. ಗಾಜು ಅದುರುವುದು ದಪ್ಪ ಸದ್ದಿನಿಂದ, ಅದು ಗೋಡೆ ದಾಟಿ ಬರುತ್ತದೆ, ಕಿಟಕಿ ಹಾಕಿದರೆ ನಿಲ್ಲುವುದಿಲ್ಲ. ಮಾತಿಗೆ ಬಗ್ಗದಿದ್ದರೆ ಕಾನೂನು ನಿಮ್ಮ ಕಡೆಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 112ಕ್ಕೆ ಕರೆ ಮಾಡಬಹುದು. ಗ್ರಾಮದವರೆಲ್ಲ ಸಹಿ ಮಾಡಿದ ಅರ್ಜಿಯನ್ನು ಹಂಗಾಮಿಗೆ ಮೊದಲೇ ಠಾಣೆಗೆ ಕೊಟ್ಟರೆ ಇನ್ನೂ ಉತ್ತಮ.

ಪ್ರಶ್ನೆ, ಜಯಲಕ್ಷ್ಮೀಪುರಂನಿಂದ:

ಮೇಲಿನ ಮನೆಯವರು ರಾತ್ರಿ ಕುರ್ಚಿ ಎಳೆಯುತ್ತಾರೆ. ನಮ್ಮ ಸೀಲಿಂಗಿಗೆ ಏನಾದರೂ ಹಾಕಿಸಬಹುದೇ?

ಉತ್ತರ:

ಹಣ ದಂಡ. ಕುರ್ಚಿಯ ಸದ್ದು ಗಾಳಿಯಲ್ಲಿ ಬರುವುದಿಲ್ಲ, ಕಾಂಕ್ರೀಟಿನೊಳಗೇ ಹರಿದು ಬರುತ್ತದೆ. ಹುಟ್ಟುವ ಕಡೆಯಲ್ಲೇ ನಿಲ್ಲಿಸಬೇಕು. ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಷ್ ಹದಿನಾರು ಕೊಂಡು, ಜೊತೆಗೆ ಮನೆಯಲ್ಲಿ ಮಾಡಿದ್ದು ಏನಾದರೂ ಒಂದು ಡಬ್ಬಿ ತೆಗೆದುಕೊಂಡು, ಸಂಜೆ ಹೊತ್ತು ಮೇಲೆ ಹೋಗಿ ನೀವೇ ಕೊಟ್ಟು ಬನ್ನಿ.

ಸರಸ್ವತಿಪುರಂನ ಸದಸ್ಯೆ, ಮೂರು ವಾರದ ನಂತರ:

ಮೇಡಂ, ಹೇಳಲೇಬೇಕೆಂದು ಬರೆಯುತ್ತಿದ್ದೇನೆ. ಮೊಮ್ಮಗಳು ಕರೆದಳು, ಮಾವನವರು ಬಂದರು. ಎರಡೂ ಕಿವಿಯಲ್ಲಿ ನೀವು ಹೇಳಿದ ಹಾಗೆಯೇ ಕೀರಲು ಸದ್ದು ಬಹಳ ಕಡಿಮೆಯಾಗಿದೆ. ಶ್ರವಣ ಸಾಧನ ಹಾಕಿಸಿ ಎಂಟು ದಿನವಾಯಿತು. ಟಿವಿ ಈಗ 22ರಲ್ಲಿದೆ, ಮಗಳು ನಡುಮನೆಯಲ್ಲೇ ಕುಳಿತು ಓದುತ್ತಾಳೆ. ಆದರೆ ಈಗ ಅವರಿಗೆ ಕಿರಿಕಿರಿ. ಸ್ಟೀಲ್ ತಟ್ಟೆ ಇಟ್ಟರೆ ಬೆಚ್ಚಿಬೀಳುತ್ತಾರೆ. ಪೇಪರ್ ಮಡಿಸುವ ಸದ್ದು, ತಮ್ಮದೇ ಚಪ್ಪಲಿಯ ಸದ್ದು, ಕುಕ್ಕರ್ ಕೂಗುವುದು ಯಾವುದೂ ಆಗದು. "ಈ ಮನೆಯಲ್ಲಿ ಇಷ್ಟು ಗಲಾಟೆ ಯಾವಾಗಿನಿಂದ?" ಎಂದು ಕೇಳಿದರು. ನಿನ್ನೆಯಿಂದ ಅದನ್ನು ತೆಗೆದು ಡಬ್ಬಿಯಲ್ಲಿ ಇಟ್ಟಿದ್ದಾರೆ.

ಉತ್ತರ:

ಡಬ್ಬಿಯಲ್ಲೇ ಇರಲು ಬಿಡಬೇಡಿ. ಎಷ್ಟೋ ವರ್ಷ ಕೇಳದೆ ಇದ್ದ ಸದ್ದುಗಳು ಒಮ್ಮೆಲೇ ಮರಳಿ ಬಂದಿವೆ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರ ಮಿದುಳು ಮೊದಲಿನಿಂದ ಕಲಿಯಬೇಕಾಗಿದೆ. ಅದಕ್ಕೆ ಕೆಲವು ವಾರಗಳು ಬೇಕು. ಈ ಹಂತದಲ್ಲಿ ಸಾಧನವನ್ನು ಕೈಬಿಟ್ಟವರು ಮತ್ತೆ ಹಾಕಿಕೊಳ್ಳುವುದು ಕಷ್ಟ.

ಮೊದಲ ಕೆಲವು ದಿನ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಾಕು, ಮನೆಯೊಳಗೆ, ನೆಮ್ಮದಿಯ ಹೊತ್ತಿನಲ್ಲಿ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳಲಿ. ದಿನಕ್ಕೆ ಅರ್ಧ ಗಂಟೆ ಹೆಚ್ಚಿಸುತ್ತಾ ಹೋಗಿ. ಕುಕ್ಕರ್ ಇಡುವಾಗ "ಮಾವ, ಈಗ ಕೂಗುತ್ತದೆ" ಎಂದು ಮೊದಲೇ ತಿಳಿಸಿ, ಎದುರು ನೋಡಿದ ಸದ್ದು ಅಷ್ಟಾಗಿ ಬೆಚ್ಚಿಸುವುದಿಲ್ಲ. ತಟ್ಟೆಯ ಕೆಳಗೆ ಈ ತಿಂಗಳು ಒಂದು ಬಟ್ಟೆ ಹಾಸಿ. ಇಷ್ಟು ದಿನ ಅವರ ಸದ್ದನ್ನು ನೀವು ತಾಳಿದಿರಿ, ಇನ್ನು ಕೆಲವು ವಾರ ನಿಮ್ಮ ಸದ್ದನ್ನು ಅವರಿಗಾಗಿ ತಗ್ಗಿಸಿ.

ಥಟ್ಟನೆ ಬರುವ ಚೂಪು ಸದ್ದನ್ನು ಸಾಧನದಲ್ಲೇ ತಗ್ಗಿಸಲು ಸಾಧ್ಯವಿದೆ. ಹಾಕಿಕೊಟ್ಟ ತಜ್ಞರ ಬಳಿಗೆ ಈ ವಾರವೇ ಮತ್ತೊಮ್ಮೆ ಹೋಗಿ. ಹೋಗುವಾಗ ಆ ಸ್ಟೀಲ್ ತಟ್ಟೆಯನ್ನೂ ಒಂದು ಚಮಚವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಮುಂದೆಯೇ ತಟ್ಟಿ ತೋರಿಸಿ.